ಏಳೂ ಹತ್ತಕ್ಕೆ ಬಂದ ಆನೆಯ ಸುದ್ದಿ

ನೀಲಗಿರಿಯ ತಪ್ಪಲಿನ ಮಸಿನಗುಡಿಯಲ್ಲಿ ಬೆಳಿಗ್ಗೆ ಮನೆ ಬಿಡುವವರು ಚಪ್ಪಲಿ ಮೆಟ್ಟುವ ಮೊದಲು ಒಮ್ಮೆ ಫೋನ್ ನೋಡುತ್ತಾರೆ. ಆನೆ ಎಲ್ಲಿ ನಿಂತಿದೆ ಎಂಬ ಒಂದು ಸಾಲು ಅದರಲ್ಲಿ ಬಂದಿರಬಹುದು. ಬಂದಿದ್ದರೆ ಒಳಗೆ ಹೋಗಿ ಇನ್ನೊಂದು ಲೋಟ ಟೀ ಕುಡಿಯುತ್ತಾರೆ, ಅವಸರವಿದ್ದವರು ಸುತ್ತುದಾರಿ ಹಿಡಿಯುತ್ತಾರೆ. ಬಂದಿಲ್ಲವಾದರೆ ನೇರ ನಡೆಯುತ್ತಾರೆ. ಆ ಸಾಲನ್ನು ಕಳಿಸುವ ಕೆಲಸ ನನ್ನದು.

ಊರಿನ ಒಬ್ಬ ನಿವೃತ್ತ ಮೇಷ್ಟ್ರು ಕಟ್ಟಿಕೊಂಡ ಸಣ್ಣ ಸಂಘ ನಮ್ಮದು. ಹಾಲಿನ ಡೈರಿಯ ಹಿಂದೆ, ತಗಡಿನ ಸೂರಿನ ಒಂದು ಕೋಣೆ. ಕಾಡಿನ ಅಂಚಿನಲ್ಲಿ ಆರು ಜನ ಕಾವಲಿನವರು ತಿರುಗುತ್ತಾರೆ. ಆನೆ ಕಂಡ ಕೂಡಲೆ ಅವರು ನನಗೆ ಫೋನ್ ಮಾಡುತ್ತಾರೆ. 'ಬೊಕ್ಕಾಪುರದ ದಾರಿ, ಹುಣಸೆಮರದ ಹತ್ತಿರ, ಎರಡು ಹೆಣ್ಣು, ಒಂದು ಮರಿ' ಎಂದು ಅವರು ಹೇಳಿದ್ದನ್ನು ನಾನು ಕಂಪ್ಯೂಟರಿನಲ್ಲಿ ಬರೆದು ಒತ್ತುತ್ತೇನೆ. ಮೇಜಿನ ಕೆಳಗಿರುವ ಕಪ್ಪು ಪೆಟ್ಟಿಗೆ ಅದನ್ನು ಆ ದಾರಿಯವರ ಫೋನುಗಳಿಗೆಲ್ಲ ಒಂದೊಂದಾಗಿ ಕಳಿಸುತ್ತದೆ. ಪೆಟ್ಟಿಗೆಯನ್ನು ನಾವು ಸರ್ವರ್ ಎನ್ನುತ್ತೇವೆ. ಒಳಗಿರುವುದು ಲಿನಕ್ಸ್. ಬೆನ್ನಿಗೆ ಸಿಮ್ ಹಾಕಿದ ಎರಡು ಮೋಡೆಮ್ ಸಿಕ್ಕಿಸಿದೆ. ಎಷ್ಟು ದೊಡ್ಡ ಪಟ್ಟಿಯಾದರೂ ನಾಲ್ಕು ನಿಮಿಷದಲ್ಲಿ ಮುಗಿಯಬೇಕು.

ಮುಗಿಯಿತೋ ಇಲ್ಲವೋ ತಿಳಿಯಲು ನಾನೊಂದು ಉಪಾಯ ಮಾಡಿಕೊಂಡಿದ್ದೆ. ಪ್ರತಿ ದಾರಿಯ ಪಟ್ಟಿಯಲ್ಲೂ ಕೊನೆಯ ನಂಬರು ನನ್ನದೇ. ನನ್ನ ಫೋನ್ ಕೂಗಿತೆಂದರೆ ಎಲ್ಲರಿಗೂ ಹೋಗಿದೆ ಎಂದೇ ಅರ್ಥ. ಕಾವಲಿನವರು ಹೇಳಿದ ಹೊತ್ತು ಎಡಕ್ಕೆ, ನನ್ನ ಫೋನ್ ಕೂಗಿದ ಹೊತ್ತು ಬಲಕ್ಕೆ, ಹೀಗೆ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮಳೆ ಬಂದರೆ ಮಳೆ, ಮಂಜು ಕವಿದರೆ ಮಂಜು, ಯಾರಾದರೂ ಫೋನ್ ಮಾಡಿ ಬೈದರೆ ಅದೂ. ಮನೆಯಲ್ಲೂ ನನ್ನದು ಇದೇ ಚಾಳಿ. ಗ್ಯಾಸ್ ಸಿಲಿಂಡರು ಹಾಕಿದ ದಿನ, ಹಸು ಗಬ್ಬವಾದ ದಿನ, ಎಲ್ಲವೂ ಕ್ಯಾಲೆಂಡರಿನ ಮೇಲಿರುತ್ತದೆ. ಬರೆದಿಟ್ಟರೆ ಕೆಲಸ ಆದಂತೆಯೇ ಎಂದು ನಾನು ಬಹಳ ಕಾಲ ನಂಬಿದ್ದೆ.

ಸರ್ವರ್ ಹೂಡಿಕೊಟ್ಟವರು ಊಟಿಯ ಕಡೆಯ ತುಮ್ಮನಟ್ಟಿಯ ಒಬ್ಬ ಗೃಹಸ್ಥರು, ಬಡಗ ಜನಾಂಗದವರು. ಕೊಯಮತ್ತೂರಿನ ಕಂಪನಿಯಲ್ಲಿ ಇಪ್ಪತ್ತು ವರ್ಷ ಇಂಥ ಪೆಟ್ಟಿಗೆಗಳನ್ನೇ ನೋಡಿಕೊಂಡು, ಬೇಸತ್ತು ಊರಿಗೆ ಬಂದು ಕ್ಯಾರೆಟ್ಟು ಬೆಳೆಯುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ತಮ್ಮ ಬಡಗ ಮಾತನ್ನು ನನಗೋಸ್ಕರ ಕನ್ನಡಕ್ಕೆ ತಿರುಗಿಸಿಕೊಂಡು, ನಡುವೆ ತಮಿಳು ಬೆರೆಸಿ ಮಾತಾಡುವರು. ವರ್ಷಕ್ಕೆ ಎರಡು ಮೂರು ಸಲ ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವು ಇಳಿದು ಬರುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ಮಣ್ಣು ಕುಸಿದರೆ ಬರಲಾಗುವುದಿಲ್ಲ. ಅದಕ್ಕೇ ಹೊರಗಿನಿಂದಲೂ ಸರ್ವರಿನ ಒಳಕ್ಕೆ ಬರುವ ಒಂದು ದಾರಿ ತೆರೆದಿಟ್ಟರು. ಅವರು ತುಮ್ಮನಟ್ಟಿಯಿಂದ ರಿಪೇರಿ ಮಾಡಬಹುದು. ನಾನು ಮತ್ತು ನನ್ನ ಜೊತೆ ಸರದಿಯ ಮೇಲೆ ಕೂರುವ ಹೆಂಗಸು, ಆಫೀಸಿಗೆ ಬರಲಾಗದ ದಿನ, ಮನೆಯಿಂದಲೇ ಫೋನಿನಲ್ಲಿ ಮೆಸೇಜು ಕಳಿಸಬಹುದು.

ಆ ದಾರಿಗೊಂದು ಹೆಸರು, ಒಂದು ಪಾಸ್‌ವರ್ಡ್ ಬೇಕಿತ್ತು. ಅವರು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ದೊಡ್ಡಕ್ಷರ, ಸಣ್ಣಕ್ಷರ, ನಡುವೆ ಡಾಲರಿನ ಗುರುತು, ಕೊನೆಗೆ ಕೊಕ್ಕೆಯಂಥದ್ದೊಂದು. ಎರಡು ದಿನ ಪ್ರಯತ್ನಿಸಿದೆವು. ಬೆಳಗಿನ ಚಳಿಗೆ ಬೆರಳು ಮರಗಟ್ಟಿರುತ್ತದೆ, ಕನ್ನಡಕದ ಮೇಲೆ ಹಬೆ. ಮೂರು ಸಲ ತಪ್ಪು ಒತ್ತುವಷ್ಟರಲ್ಲಿ ಆನೆ ಒಂದು ದಾರಿಯಿಂದ ಇನ್ನೊಂದಕ್ಕೆ ಹೋಗಿರುತ್ತಿತ್ತು.

'ಅಣ್ಣ, ಆನೆ ರೋಡಿನಲ್ಲಿ ನಿಂತಿರುವಾಗ ನಾನು ಕೊಕ್ಕೆ ಹುಡುಕಿಕೊಂಡು ಕೂರ್ಲಾ?' ಎಂದೆ.

'ಅಕ್ಕಾ, ಇದು ಬಾಗಿಲ ಚಿಲಕ. ಕೊಂಚ ಗಟ್ಟಿಯಾಗೇ ಇರ್ಬೇಕು.'

'ಚಿಲಕ ತೆಗೆಯೋಷ್ಟರಲ್ಲಿ ಜೀವ ಹೋದ್ರೆ ಯಾರು ಜವಾಬ್ದಾರಿ?'

ಕೊನೆಗೆ ನನ್ನ ಹಟಕ್ಕೆ ಸೋತರು. ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಆನೆ, ಪಾಸ್‌ವರ್ಡ್ ಅದೇ ಆನೆ, ಮುಂದೆ ಒಂದು ಎರಡು ಮೂರು. ಇಬ್ಬರಿಗೂ ಅದೇ. ಕಣ್ಣು ಮುಚ್ಚಿಕೊಂಡು ಒತ್ತಬಹುದಿತ್ತು. ಮೂರು ವರ್ಷ ಹಾಗೆಯೇ ನಡೆಯಿತು. ನನಗೆ ಒಳಗೊಳಗೆ ಹೆಮ್ಮೆಯೂ ಇತ್ತು.

ಹೋದ ಮಳೆಗಾಲದ ಮೊದಲ ವಾರಗಳಲ್ಲಿ ಮೆಸೇಜುಗಳು ತಡವಾಗತೊಡಗಿದವು. ಮೊದಲು ಏಳೆಂಟು ನಿಮಿಷ, ಆಮೇಲೆ ಹದಿನೈದು. ಮಳೆಯಿತ್ತು, ಟವರು ದಿನಕ್ಕೆರಡು ಸಲ ಸಾಯುತ್ತಿತ್ತು, ಕರೆಂಟಿಗೂ ನೆಲೆಯಿರಲಿಲ್ಲ. ತಡಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ನಮಗೆ ಕಾಣಲಿಲ್ಲ. ಪರದೆಯ ಮೇಲೆ ಒಂದಕ್ಷರ ಒತ್ತಿದರೆ ಅದು ಮೂಡುವುದಕ್ಕೂ ಹೊತ್ತು ಹಿಡಿಯುತ್ತಿತ್ತು. ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಒಲೆಯ ಪಕ್ಕದ ಗೋಡೆಯಂತೆ ಬಿಸಿ. ಒಳಗಿನ ಫ್ಯಾನು ದಿನವಿಡೀ ಕಿರುಚುತ್ತಿತ್ತು. ಪೆಟ್ಟಿಗೆ ಅಷ್ಟು ಹೇಳುತ್ತಿದ್ದರೂ ನನಗೆ ಕೇಳಲಿಲ್ಲ.

ಆರಿಸಿ ಹೊತ್ತಿಸಿದರೆ ಸರಿಹೋಗುತ್ತದೆ ಎಂದು ಕಂಡುಹಿಡಿದವಳು ನನ್ನ ಜೊತೆಯವಳು. ನಿಜವಾಗಿಯೂ ಸರಿಹೋಗುತ್ತಿತ್ತು. ಒಂದು ಗಂಟೆ ಚುರುಕಾಗಿ ಓಡಿ, ಮತ್ತೆ ನಿಧಾನ.

'ನಮ್ಮತ್ತ ಥರನೇ ಕನ ಅಕ್ಕ ಇದು,' ಎಂದು ಅವಳು ನಗುತ್ತಿದ್ದಳು. 'ಎಬ್ಬಿಸಿ ಕೂರ್ಸುದ್ರ ಒಂದ್ ಗಂಟ ಸಂದಾಗ್ ಮಾತಾಡ್ತದ. ಆಮ್ಯಾಕ ಅದೇ ರಾಗ.'

ಹೀಗೆ ಮಳೆ ಸುರಿಯುವ ಬೆಳಿಗ್ಗೆಗಳಲ್ಲಿ, ಬಾಗಿಲು ತೆಗೆದ ಕೂಡಲೆ ಸರ್ವರನ್ನು ಆರಿಸಿ ಹೊತ್ತಿಸುವುದು ಒಂದು ಪದ್ಧತಿಯಾಯಿತು. ಕಸ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಸರ್ವರ್ ಆರಿಸಿ, ಹೊತ್ತಿಸಿ, ಟೀಗೆ ನೀರಿಡುವುದು. ತುಮ್ಮನಟ್ಟಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅವರಿಗೆ ಕ್ಯಾರೆಟ್ಟು ಕೀಳುವ ಕಾಲ, ಟವರು ಸರಿಯಿಲ್ಲ ಎಂದು ಅವರಿಗೇಕೆ ತೊಂದರೆ ಕೊಡುವುದು ಎಂದುಕೊಂಡೆ.

ಆ ದಿನ ಮಳೆಯಿರಲಿಲ್ಲ. ವಾರದ ನಂತರ ಮೊದಲ ಬಾರಿಗೆ ನಕ್ಷತ್ರ ಕಂಡಿದ್ದವು. ಟವರಿನ ಕಡ್ಡಿ ನಾಲ್ಕೂ ತುಂಬಿದ್ದವು. ಮಳೆಯಿಲ್ಲವೆಂದ ಮೇಲೆ ನಿಧಾನವೂ ಇರುವುದಿಲ್ಲ ಎಂದು ನಾನು ಸರ್ವರನ್ನು ಆರಿಸಲಿಲ್ಲ.

ಐದೂ ನಲವತ್ತೆಂಟಕ್ಕೆ ಕಾವಲಿನವನ ಫೋನ್ ಬಂತು. 'ಅಕ್ಕ, ಕಾಲುವ ದಾರೀಲಿ ಒಂಟಿ ಗಂಡು ಅದ. ಡೈರಿ ಕಡೀಕೇ ಮೊಕ ಮಾಡ್ಕಂಡು ನಿಂತದ. ಬೇಗ ಹಾಕು.' ಬರೆದೆ, ಒತ್ತಿದೆ, ನೋಟುಬುಕ್ಕಿನ ಎಡಕ್ಕೆ ಹೊತ್ತು ಬರೆದೆ. ನನ್ನ ಫೋನ್ ಕೂಗುವುದನ್ನು ಕಾಯುತ್ತ ಟೀ ಸೋಸಿದೆ.

ಕಾಲುವೆ ದಾರಿಯಲ್ಲಿ ದಿನಾ ಡೈರಿಗೆ ಹಾಲು ತರುವವನೊಬ್ಬನಿದ್ದ. ಮೈಸೂರು ಸೀಮೆಯಿಂದ ನಮ್ಮಂತೆಯೇ ಅಜ್ಜನ ಕಾಲಕ್ಕೆ ಬಂದ ಕುಟುಂಬ. ಎರಡು ಹಸು, ಒಂದು ಎಮ್ಮೆ. ಸೈಕಲ್ಲಿನ ಎರಡು ಬದಿಗೆ ಕ್ಯಾನು ಕಟ್ಟಿ ತಳ್ಳಿಕೊಂಡು ಬರುವನು. ಹಾಲು ಅಳೆದುಕೊಟ್ಟು ನನ್ನ ಕಿಟಕಿಯ ಹತ್ತಿರ ಬಂದು ಒಂದು ಮಾತಾಡದೆ ಹೋದವನಲ್ಲ. ಆನೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಏನಕ್ಕ, ದೊಡ್ಡೋರು ಇವತ್ತು ಎಲ್ಲವ್ರ? ನಿಮ್ಮ ಮೆಸೇಜು ಬಂದಿದ್ರ ನನ್ ಹೆಂಡ್ರು ಬಾಗ್ಲೇ ತಗಿಯಾಕಿಲ್ಲ. ನಿಮ್ಮ ಮಾತು ಅಂದ್ರ ಅವ್ಳಿಗ ಜಡ್ಜಿ ಮಾತು' ಎಂದು ನಗುವನು. ಹಾಲು ಕರೆದಾದ ಮೇಲೂ ಆರೂ ಹತ್ತರವರೆಗೆ ಫೋನ್ ನೋಡುತ್ತ ಜಗಲಿಯ ಮೇಲೆ ಕೂತಿದ್ದು, ಏನೂ ಬರದಿದ್ದರೆ ಹೊರಡುವುದು ಅವನ ಕ್ರಮ. ಇಡೀ ಪಟ್ಟಿಯಲ್ಲಿ ನಮ್ಮನ್ನು ಅವನಷ್ಟು ನಂಬಿದವರು ಇರಲಿಲ್ಲ.

ಆರು ಗಂಟೆಗೂ ನನ್ನ ಫೋನ್ ಕೂಗಲಿಲ್ಲ. ಆರೂ ಹತ್ತಕ್ಕೂ ಇಲ್ಲ. ಪಟ್ಟಿ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡೋಣವೆಂದು ಒಮ್ಮೆ ಅನ್ನಿಸಿತು. ಅನ್ನಿಸಿದ್ದು ನಿಜ. ಮಾಡಿದ್ದು ಬೇರೆ. ಮೊದಲು ಸರಿಯಾಗಿ ಒತ್ತಲಿಲ್ಲವೇನೋ ಎಂದು ಅದೇ ಮೆಸೇಜನ್ನು ಇನ್ನೊಮ್ಮೆ ಒತ್ತಿದೆ. ಆಮೇಲೆ ಮತ್ತೊಮ್ಮೆ. ಬಾಗಿಲಲ್ಲಿ ಸಿಕ್ಕಿಕೊಂಡ ಗುಂಪಿಗೆ ಹಿಂದಿನಿಂದ ಇನ್ನಷ್ಟು ಜನರನ್ನು ನೂಕಿದಂತಾಯಿತು.

ಆರೂ ಐವತ್ತೈದಕ್ಕೆ ಕಾವಲಿನವನು ಮತ್ತೆ ಫೋನ್ ಮಾಡಿದ. ಮೊದಲು ಬರೀ ಉಸಿರು ಕೇಳಿಸಿತು. 'ಅಕ್ಕ, ಹಾಲಿನವ್ನು,' ಎಂದ. 'ಮೆಸೇಜು ಹಾಕ್ನಿಲ್ವಾ ನೀನು?'

ಏಳೂ ಹತ್ತಕ್ಕೆ ನನ್ನ ಫೋನ್ ಕೂಗಿತು. ಕಾಲುವೆ ದಾರಿ, ಒಂಟಿ ಗಂಡು, ಎಚ್ಚರ.

ನಾನು ಹೋಗಿ ನೋಡಿದೆ. ಅವನನ್ನು ಬಟ್ಟೆ ಹೊದಿಸಿ ಮಲಗಿಸಿದ್ದರು. ಸೈಕಲ್ಲು ದಾರಿಯ ನಡುವೆ ಸ್ಟ್ಯಾಂಡ್ ಹಾಕಿಕೊಂಡು ನೆಟ್ಟಗೆ ನಿಂತಿತ್ತು. ಎರಡು ಕ್ಯಾನೂ ತುಂಬಿದ್ದವು. ಆನೆಯನ್ನು ಕಂಡ ಮೇಲೂ ಹಾಲು ಚೆಲ್ಲದಿರಲೆಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಆಮೇಲೆ ಓಡಿದ್ದ.

ಮಧ್ಯಾಹ್ನ ತುಮ್ಮನಟ್ಟಿಗೆ ಫೋನ್ ಮಾಡಿದೆ. ಅವರು ಕ್ಯಾರೆಟ್ಟು ತೊಳೆಸುತ್ತಿದ್ದರು, ಹಿಂದೆ ನೀರಿನ ಸದ್ದು. ನಾನು ಹೇಳಿದ್ದು ಕೇಳುತ್ತ ಕೇಳುತ್ತ ಆ ಸದ್ದು ದೂರವಾಯಿತು. ಎಲ್ಲೋ ಪಕ್ಕಕ್ಕೆ ಬಂದು ನಿಂತಿರಬೇಕು. ಹೊರಗಿನಿಂದ ಒಳಬರಲು ಅವರೂ ಪ್ರಯತ್ನಿಸಿದರು, ಸರ್ವರು ಅವರಿಗೂ ಬಾಗಿಲು ತೆಗೆಯಲಾರದಷ್ಟು ಸುಸ್ತಾಗಿತ್ತು. ಕೊನೆಗೆ ನನ್ನಿಂದಲೇ ಪರದೆ ಓದಿಸಿದರು. ಟಾಪ್ ಎಂದು ಬರೆದು ಒತ್ತಿದರೆ, ಪೆಟ್ಟಿಗೆಯೊಳಗೆ ಯಾರ್ಯಾರು ಎಷ್ಟೆಷ್ಟು ದುಡಿಯುತ್ತಿದ್ದಾರೆ ಎಂಬ ಪಟ್ಟಿ ಬರುತ್ತದೆ. ಅದು ಮೂಡುವುದಕ್ಕೇ ಎರಡು ನಿಮಿಷ ಹಿಡಿಯಿತು.

'ಲೋಡ್ ಆವರೇಜ್ ಅಂತ ಇದೆಯಲ್ಲ, ಅದರ ಮುಂದೆ ಎಷ್ಟು?'

'ಹದಿನೇಳು.'

'ಎಷ್ಟಂದಿರಿ?'

'ಹದಿನೇಳು ಅಣ್ಣ.'

'ಅಕ್ಕಾ, ಎರಡೇ ಕೈ ಇರೋ ಮೆಷಿನ್ ಅದು. ಎರಡರ ಮೇಲೆ ಹೋದ್ರೇನೆ ಕಷ್ಟ. ಸ್ವಾಪ್ ಅಂತ ಇನ್ನೊಂದು ಸಾಲಿದೆ, ನೋಡಿ.'

ಅದೂ ತುಂಬಿತ್ತು. ಮೆಮೊರಿ ಸಾಲದೆ, ಇದ್ದಬದ್ದದ್ದನ್ನೆಲ್ಲ ಡಿಸ್ಕಿಗೆ ಎತ್ತಿ ಹಾಕುವುದು, ಮತ್ತೆ ಇಳಿಸಿಕೊಳ್ಳುವುದು, ಇದರಲ್ಲೇ ಅದರ ದಿನ ಕಳೆಯುತ್ತಿತ್ತು. ನಮ್ಮ ಮೆಸೇಜು ಮೋಡೆಮ್ಮಿನ ಬಾಗಿಲಿಗೆ ಹೋಗಿ, ಸರದಿ ಸಿಗದೆ ಹಿಂದಿರುಗಿ, ಮತ್ತೆ ಸಾಲಿನ ತುದಿಗೆ ಹೋಗಿ ನಿಲ್ಲುತ್ತಿತ್ತು.

'ಎಲ್ಲಕ್ಕಿಂತ ಮೇಲಿನ ಸಾಲು ಓದಿ. ಹೆಸರೇನು?'

ಇಂಗ್ಲಿಷಿನಲ್ಲಿ ಕೆವರ್ಕರ್ ಎಂದಿತ್ತು. ಅದು ಲಿನಕ್ಸಿನದೇ ಒಳಗಿನ ಆಳು, ಇರಬೇಕಾದದ್ದೇ ಎಂದರು. ನನಗೆ ಸ್ವಲ್ಪ ಧೈರ್ಯ ಬಂತು. 'ಎಡಗಡೆ ಯೂಸರ್ ಅಂತ ಇರತ್ತೆ. ಅಲ್ಲಿ ರೂಟ್, ಅಂದ್ರೆ ಮೆಷಿನ್ನಿನ ಯಜಮಾನನ ಹೆಸರು ತಾನೇ ಇದೆ?' ಎಂದು ಕೇಳಿದರು.

'ಇಲ್ಲ ಅಣ್ಣ. ಆನೆ ಅಂತ ಇದೆ.'

ಒಂದೊಂದೇ ಅಕ್ಷರ ಬಿಡಿಸಿ ಇನ್ನೊಮ್ಮೆ ಓದಿಸಿದರು.

'ಯಾರೋ ನಿಮ್ಮ ಹೆಸರಲ್ಲಿ ಒಳಗೆ ಕೂತವ್ರೆ ಅಕ್ಕಾ,' ಎಂದರು. 'ಇಂಟರ್‌ನೆಟ್ಟಿನ ವಯರು ಕಿತ್ತುಬಿಡಿ. ಮೋಡೆಮ್ ಮುಟ್ಟಬೇಡಿ, ಅದು ಇರ್ಲಿ. ಆಮೇಲೆ ಆ ಕೆವರ್ಕರನ್ನ ಸಾಯಿಸ್ಬೇಕು, ಹೇಳಿದ ಹಾಗೆ ಬರೀರಿ.'

ವಯರು ಕಿತ್ತೆ, ಅವರು ಹೇಳಿದ್ದನ್ನು ಬರೆದು ಒತ್ತಿದೆ. ಐದು ನಿಮಿಷದಲ್ಲಿ ಫ್ಯಾನಿನ ಕಿರುಚು ನಿಂತಿತು. ಎಷ್ಟೋ ವಾರಗಳ ನಂತರ ಆ ಕೋಣೆಯಲ್ಲಿ ಗೋಡೆ ಗಡಿಯಾರ ಕೇಳಿಸಿತು. ಆಮೇಲೆ ನಡೆದದ್ದನ್ನು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಕೈಕಾಲು ಬಿಡಿಸಿಕೊಂಡ ಸರ್ವರು, ಸರದಿ ತಪ್ಪಿ ನನ್ನ ನಂಬರಿಗಿಂತಲೂ ಹಿಂದೆ ಬಿದ್ದು ಒಳಗೆ ಸಿಕ್ಕಿಕೊಂಡಿದ್ದ ಎರಡು ಮೂರು ದಿನದ ಹಳೆಯ ಮೆಸೇಜುಗಳನ್ನೆಲ್ಲ ಒಂದೇ ಸಮನೆ ಕಳಿಸತೊಡಗಿತು. ಸ್ಕೂಲಿನ ದಾರಿಯಲ್ಲಿ ಮೂರು ಆನೆ. ಬೊಕ್ಕಾಪುರದ ತಿರುವಿನಲ್ಲಿ ಮರಿಯಾನೆ. ಬೆಳಿಗ್ಗೆ ನಾನು ಮತ್ತೆ ಮತ್ತೆ ಒತ್ತಿದ ಕಾಲುವೆ ದಾರಿಯ ಒಂಟಿ ಗಂಡು. ಸ್ಕೂಲಿನಿಂದ ಮಕ್ಕಳನ್ನು ಕರೆತರಲು ಹೊರಟವರು ನಡುದಾರಿಯಲ್ಲೇ ನಿಂತುಬಿಟ್ಟರು. ಹಾಲಿನವನ ಮನೆಯಲ್ಲಿ, ದಾರಿಯಿಂದ ತಂದ ಅವನ ಫೋನು ಶರ್ಟಿನ ಜೊತೆ ಗೂಟಕ್ಕೆ ನೇತುಹಾಕಿದ್ದು, ಜನ ಕೂತಿದ್ದಂತೆಯೇ ಒಂದೊಂದಾಗಿ ಕೂಗುತ್ತಲೇ ಇತ್ತಂತೆ. ಯಾರಿಗೂ ಎದ್ದು ಆರಿಸುವ ಧೈರ್ಯವಾಗಲಿಲ್ಲವಂತೆ.

ಕಲ್ಲಟ್ಟಿ ದಾರಿ ಮಣ್ಣು ಕುಸಿದು ಮುಚ್ಚಿತ್ತು. ಮರುದಿನ ಅಣ್ಣ ಊಟಿಯಿಂದ ಗೂಡಲೂರು ಸುತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದರು. ಉಗುರಿನ ಸಂದಿಯಲ್ಲಿ ಇನ್ನೂ ತೋಟದ ಮಣ್ಣಿತ್ತು. ಟೀ ಕೊಟ್ಟರೆ ಮೇಜಿನ ಮೇಲೇ ಆರಿಹೋಗಲು ಬಿಟ್ಟರು. ಯಾರು ಯಾವಾಗ ಒಳಬಂದರು ಎಂದು ಸರ್ವರು ತಾನೇ ಬರೆದಿಡುವ ದಾಖಲೆಯಿದೆ, ಲಾಗ್ ಎನ್ನುತ್ತಾರೆ. ಅದನ್ನು ತೆಗೆದು ನನಗೆ ತೋರಿಸಿದರು. ಹಗಲೂ ರಾತ್ರಿಯೂ ಎಲ್ಲೆಲ್ಲಿಂದಲೋ ಬಾಗಿಲು ತಟ್ಟಿದ ಗುರುತುಗಳು. ರೂಟ್, ಅಡ್ಮಿನ್, ಟೆಸ್ಟ್, ಗೆಸ್ಟ್, ಹೀಗೆ ಬಾಯಿಗೆ ಬಂದ ಹೆಸರು ಹಿಡಿದು ಯಾವುದೋ ಯಂತ್ರ ಲೋಕದ ಎಲ್ಲ ಬಾಗಿಲನ್ನೂ ತಟ್ಟುತ್ತ ಹೋಗುತ್ತದಂತೆ. ಅದಕ್ಕೆ ಮಸಿನಗುಡಿ ಗೊತ್ತಿಲ್ಲ, ಆನೆ ಗೊತ್ತಿಲ್ಲ. ಸಿಕ್ಕ ಸಣ್ಣ ಹೆಸರುಗಳ ಮುಂದೆಲ್ಲ ಒಂದು ಎರಡು ಮೂರು ಸೇರಿಸಿ ನೋಡುತ್ತ ಹೋಗುತ್ತದೆ, ಅಷ್ಟೇ. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು. ಅಲ್ಲಿ ಆನೆ ಎಂಬ ಹೆಸರಿಗೆ ಬಾಗಿಲು ತೆರೆದಿತ್ತು. ನಮ್ಮಿಬ್ಬರ ಫೋನಿನಿಂದ ಬಂದದ್ದಲ್ಲ. ಒಳಬಂದದ್ದು, ಬಿಟ್‌ಕಾಯಿನ್ನಿನಂಥ ದುಡ್ಡು ಹುಟ್ಟಿಸಲು ಯಾರಿಗೋ ಲೆಕ್ಕ ಬಿಡಿಸಿಕೊಡುವ ಒಂದು ಪ್ರೋಗ್ರಾಮನ್ನು ಕೆವರ್ಕರ್ ಎಂಬ ಕಳ್ಳಹೆಸರಿನಲ್ಲಿ ಇಟ್ಟುಹೋಗಿತ್ತು. ನಾವು ಆರಿಸಿ ಹೊತ್ತಿಸಿದರೂ ಗಂಟೆಗೊಮ್ಮೆ ತಾನೇ ಎದ್ದು ಕೂರುವಂತೆ ಸಮಯದ ಪಟ್ಟಿಯಲ್ಲಿ ಒಂದು ಸಾಲನ್ನೂ ಸೇರಿಸಿತ್ತು.

'ಅದಕ್ಕೇ ಒಂದು ಗಂಟೆ ಚೆನ್ನಾಗಿರ್ತಿತ್ತು,' ಎಂದೆ.

'ಅದಕ್ಕೇ,' ಎಂದರು.

ನೋಟುಬುಕ್ಕು ತೆಗೆದೆ. ಲಾಗ್‌ನಲ್ಲಿ ಬಾಗಿಲು ತೆರೆದ ಆ ದಿನಕ್ಕೆ ನನ್ನ ಪುಟ ಸರಿಹೊಂದಿಸಿ, ಬಲದ ಹೊತ್ತಿನಿಂದ ಎಡದ ಹೊತ್ತು ಕಳೆಯುತ್ತ ಬಂದೆ. ಹಿಂದಿನ ದಿನದವರೆಗೆ ಮೂರು ನಿಮಿಷ, ನಾಲ್ಕು ನಿಮಿಷ. ಮರುದಿನ ಎಂಟು. ಅಲ್ಲಿಂದ ಏರುತ್ತಲೇ ಹೋಗಿತ್ತು. ಮಳೆಯಿಲ್ಲ ಎಂದು ನಾನೇ ಬರೆದ ಎರಡು ದಿನಗಳಲ್ಲೂ ಇಪ್ಪತ್ತು, ಇಪ್ಪತ್ತೈದು. ಮಳೆಗೂ ತಡಕ್ಕೂ ಸಂಬಂಧವಿಲ್ಲ ಎಂಬುದು ನನ್ನ ಅಕ್ಷರದಲ್ಲೇ ಅಲ್ಲಿತ್ತು. ಒಂದು ದಿನವೂ ಕಳೆದು ನೋಡಿರಲಿಲ್ಲ.

ಅಣ್ಣ ಎರಡು ದಿನ ನಮ್ಮ ಮನೆಯಲ್ಲಿ ಉಳಿದು ಕೆಲಸ ಮಾಡಿದರು. ಒಮ್ಮೆ ಕಳ್ಳ ಹೊಕ್ಕ ಮನೆಯಲ್ಲಿ ಏನೇನು ಬಚ್ಚಿಟ್ಟಿದ್ದಾನೋ ಹೇಳಲಾಗದು ಎಂದು, ಫೋನ್ ನಂಬರುಗಳನ್ನಷ್ಟೇ ಹೊರತೆಗೆದು, ಉಳಿದದ್ದನ್ನೆಲ್ಲ ಒರೆಸಿ ಲಿನಕ್ಸನ್ನು ಹೊಸದಾಗಿ ಹಾಕಿದರು. ಈಗ ಪಾಸ್‌ವರ್ಡೇ ಇಲ್ಲ. ಒಬ್ಬೊಬ್ಬರ ಫೋನಿನಲ್ಲೂ ಒಂದು ಬೀಗದಕೈ ಇಟ್ಟಿದ್ದಾರೆ, ಅದು ಕಣ್ಣಿಗೆ ಕಾಣದು, ಆ ಫೋನಿನಿಂದಷ್ಟೇ ಬಾಗಿಲು ತೆರೆಯುತ್ತದೆ. ನನಗೊಂದು ಹೆಸರು, ಜೊತೆಯವಳಿಗೊಂದು ಹೆಸರು. ಮೂರು ಸಲ ತಪ್ಪು ತಟ್ಟಿದವನನ್ನು ಸರ್ವರು ತಾನೇ ಹೊರಗಟ್ಟುತ್ತದೆ. ಬೇಡದ ಬಾಗಿಲುಗಳನ್ನೆಲ್ಲ ಮುಚ್ಚಿದರು. ಹತ್ತು ನಿಮಿಷಕ್ಕಿಂತ ಹಳೆಯ ಮೆಸೇಜು ಯಾರಿಗೂ ಹೋಗಕೂಡದು, ಐದು ನಿಮಿಷ ತಡವಾದರೆ ನನ್ನ ಫೋನ್ ಬಡಿದುಕೊಳ್ಳಬೇಕು ಎಂದು ನಾನು ಕೇಳಿಕೊಂಡೆ, ಅದನ್ನೂ ಮಾಡಿದರು. ಆ ಬೀಗದಕೈಯಿಂದ ಒಳಬರುವುದಕ್ಕೆ ನನಗೆ ಎಷ್ಟು ಹೊತ್ತು ಬೇಕೆಂದು ಅವರ ಎದುರೇ ನೋಡಿದೆ. ಏನೂ ಒತ್ತಬೇಕಾಗಿಯೇ ಇರಲಿಲ್ಲ.

'ಇದು ಮೂರು ವರ್ಷದ ಹಿಂದೆಯೂ ಇತ್ತಾ ಅಣ್ಣ?'

'ಇತ್ತು,' ಎಂದರು. 'ನಿಮ್ಮ ಫೋನಿಗೆ ಹಾಕಿ, ಕಲಿಸಿಕೊಡೋಕೆ ಒಂದು ದಿನ ಹೆಚ್ಚಿಗೆ ನಿಲ್ಲಬೇಕಿತ್ತು. ಬಸ್ಸಿಗೆ ಹೊತ್ತಾಗತ್ತೆ ಅಂತ ಹೊರಟೆ.'

ಮೇಷ್ಟ್ರು ನನ್ನನ್ನು ಕರೆದು ಕೂರಿಸಿದರು. ಕೆಟ್ಟ ಮನುಷ್ಯರಲ್ಲ. ಆ ವಾರ ಅವರ ಮುಖ ಬತ್ತಿಹೋಗಿತ್ತು. 'ನೋಡಮ್ಮ, ಟವರು ಹೋಗಿತ್ತು ಅಂದುಬಿಡೋಣ,' ಎಂದರು. 'ಯಾರೋ ಒಳಗೆ ಬಂದಿದ್ದರು ಅಂದರೆ ಜನ ನಾಳೆಯಿಂದ ಮೆಸೇಜನ್ನೇ ನಂಬೋದಿಲ್ಲ. ನಂಬದೆ ನಡೆದರೆ ಇನ್ನೂ ನಾಲ್ಕು ಜನ ಸಾಯ್ತಾರೆ. ಸತ್ತವನಂತೂ ಬರೋದಿಲ್ಲ.'

ಅವರ ಹೆದರಿಕೆಯಲ್ಲಿ ಸುಳ್ಳಿರಲಿಲ್ಲ. ಹನ್ನೊಂದು ದಿನ ನಾನು ಕೇಳಿದವರಿಗೆಲ್ಲ ಟವರು ಎಂದೆ. ತರಕಾರಿ ಅಂಗಡಿಯಲ್ಲಿ ಟವರು, ಬಸ್‌ಸ್ಟ್ಯಾಂಡಿನಲ್ಲಿ ಟವರು. ಆ ದಿನ ಕಡ್ಡಿ ನಾಲ್ಕೂ ತುಂಬಿದ್ದವು ಎಂದು ನೋಟುಬುಕ್ಕಿನಲ್ಲಿ ಬರೆದಿತ್ತು.

ಹನ್ನೊಂದರ ಕಾರ್ಯ ಮುಗಿದ ಮರುದಿನ ಅವನ ಮನೆಗೆ ಹೋದೆ. ಹೆಂಡತಿ ಕೊಟ್ಟಿಗೆಯ ಮುಂದೆ ಹುಲ್ಲು ಹರವುತ್ತಿದ್ದಳು. ನನ್ನನ್ನು ಕಂಡು ಕೈಯೊರೆಸಿಕೊಂಡು ಮಣೆ ತಂದು ಹಾಕಿದಳು. ಕೂತೆ. ಅವಳೇ ಕೇಳಿದಳು.

'ಅಕ್ಕ, ಅವತ್ತು ನಂಗ ಫೋನು ಚೆನ್ನಾಗೇ ಸಿಕ್ತಿತ್ತು. ನಮ್ಮಣ್ಣನ್ ಕೂಡ ಆರು ಗಂಟಲಿ ಮಾತಾಡ್ದಿ. ಟವರು ಇಲ್ಲ ಅಂದ್ರ ಅದ್ಯಾಗ ಸಿಕ್ತು?'

ಹೇಳಿದೆ. ಪಾಸ್‌ವರ್ಡಿನಿಂದ ಹಿಡಿದು, ಎಲ್ಲವನ್ನೂ, ಅವಳಿಗೆ ತಿಳಿಯುವ ಮಾತಿನಲ್ಲಿ. ಸುಲಭವಾಗಲಿ ಎಂದು ನಾನೇ ಹಟ ಹಿಡಿದು ಚಿಲಕ ಸಡಿಲ ಮಾಡಿಸಿದ್ದು, ಯಾರೋ ಒಳನುಗ್ಗಿ ಕೂತದ್ದು, ಮಳೆಯ ಮೇಲೆ ಹಾಕಿದ್ದು, ಆ ದಿನ ಆರಿಸಿ ಹೊತ್ತಿಸದೆ ಇದ್ದದ್ದು, ಒಬ್ಬೊಬ್ಬರಿಗೇ ಫೋನ್ ಮಾಡಬೇಕೆನ್ನಿಸಿಯೂ ಮಾಡದಿದ್ದದ್ದು. ನಡುವೆ ಎಮ್ಮೆ ಕೂಗಿದಾಗ ಎದ್ದುಹೋಗಿ ಬಾನಿಯಲ್ಲಿ ನೀರಿಟ್ಟು ಬಂದಳು.

'ಆರು ಹತ್ತು ಗಂಟ ಅವ್ರು ಅಲ್ಲೇ ಕೂತಿದ್ರು,' ಎಂದಳು, ಜಗಲಿ ತೋರಿಸಿ. 'ಇನ್ನೂ ಎಲ್ಡು ನಿಮ್ಸ ನೋಡ್ಲಾ ಅಂದ್ರು. ಬಂದಿಲ್ಲ ಅಂದ್ಮ್ಯಾಗ ದೊಡ್ಡೋರು ಇಲ್ಲ, ಹೋಗಿ, ಡೈರಿ ಮುಚ್ತಾರ ಅಂದವ್ಳು ನಾನು.'

ನಾನು ಅವಳ ಕೈ ಹಿಡಿಯಲು ಹೋದೆ. ಹಿಂದಕ್ಕೆ ಎಳೆದುಕೊಂಡಳು. 'ನನ್ ಮುಂದ ಯೋಳುದ್ರ ಸಾಲ್ದು,' ಎಂದಳು. 'ಡೈರೀಲಿ ಎಲ್ರ ಮುಂದೂ ಯೋಳು. ಅವ್ರು ತಾವೇ ಹೋಗಿ ಸತ್ರು ಅಂತ ಆಡ್ಕತಾವ್ರ. ಕುಡ್ದಿದ್ದ ಅಂತಲೂ ಅಂದ್ರು.'

ಮರುದಿನ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಡೈರಿಯ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಮೇಷ್ಟ್ರು ಹಿಂದೆ ಬಂದು ನಿಂತರು. ನನ್ನನ್ನು ತಡೆಯಲಿಲ್ಲ. ಒಬ್ಬ ಮುದುಕ, 'ಮನಗ ಬೀಗ ಹಾಕಾಕೂ ಬರ್ದೇ ಇದ್ದೋರ್ ಕೈಲಿ ನಮ್ ಜೀವ ಕೊಟ್ಟಿದ್ವಾ?' ಎಂದ. ಇನ್ನೊಬ್ಬ, 'ಹೋಗ್ಲಿ ಬುಡಿ, ಬೇಕಂತ ಮಾಡುದ್ರಾ' ಎಂದ. ಅವನ ಮಾತಿಗಿಂತ ಮುದುಕನ ಮಾತೇ ನನಗೆ ಸಮಾಧಾನ ಕೊಟ್ಟಿತು. ಆ ವಾರ ಹಲವರು ಬಂದು ಪಟ್ಟಿಯಿಂದ ತಮ್ಮ ನಂಬರು ತೆಗೆಸಿದರು. ಕೆಲವರು ಮತ್ತೆ ಸೇರಿಕೊಂಡಿದ್ದಾರೆ. ಕೆಲವರು ಇನ್ನೂ ಇಲ್ಲ, ಬೆಳಿಗ್ಗೆ ಪಟಾಕಿ ಸಿಡಿಸಿಕೊಂಡು ನಡೆಯುತ್ತಾರೆ. ಮೇಷ್ಟ್ರು ಹೆದರಿದ್ದು ಅಷ್ಟರ ಮಟ್ಟಿಗೆ ನಿಜವಾಯಿತು. ಆ ಪಟಾಕಿಯವರು ನಡೆಯುವ ಹೊತ್ತಿಗೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಅವನ ಹೆಂಡತಿಯೂ ನಂಬರು ತೆಗೆಸಿದಳು. ಈಗ ಹಾಲಿನ ಕ್ಯಾನು ಅವಳೇ ತರಬೇಕು, ಅದೇ ಕಾಲುವೆ ದಾರಿಯಲ್ಲಿ. 'ಮೆಸೇಜು ಬ್ಯಾಡ. ದಿನಾ ಫೋನ್ ಮಾಡಿ ಬಾಯಲ್ಲಿ ಯೋಳು. ಇದ್ರೂ ಯೋಳು, ಇಲ್ದಿದ್ರೂ ಯೋಳು' ಎಂದಳು. ಅಂದಿನಿಂದ ದಿನಾ ಆರು ಗಂಟೆಗೆ ಕಾಲುವೆಯ ಕಡೆಯ ಕಾವಲಿನವನನ್ನು ಕೇಳಿಕೊಂಡು ಅವಳಿಗೆ ಫೋನ್ ಮಾಡುತ್ತೇನೆ. ಅವಳು ಎತ್ತುತ್ತಾಳೆ, ಮಾತಾಡುವುದಿಲ್ಲ. ಕಾಲುವೆ ದಾರಿ ಖಾಲಿ ಎನ್ನುತ್ತೇನೆ, ಇಲ್ಲವೇ ಇಂಥ ಕಡೆ ಇದೆ, ಎಂಟರವರೆಗೆ ಬರಬೇಡ ಎನ್ನುತ್ತೇನೆ. ಕಟ್ಟಾಗುತ್ತದೆ. ಡೈರಿಗೆ ಬಂದರೂ ನನ್ನ ಕಿಟಕಿಯ ಕಡೆ ನೋಡುವುದಿಲ್ಲ.

ಹೋದ ತಿಂಗಳು ನನಗೆ ಜ್ವರ ಬಂತು. ಗಂಟಲು ಕಟ್ಟಿತ್ತು. ನನ್ನ ಸರದಿಗೂ ಜೊತೆಯವಳೇ ಕೂತು, ಆರು ಗಂಟೆಗೆ ಹಾಲಿನವನ ಹೆಂಡತಿಗೆ ಫೋನ್ ಮಾಡಿ ದಾರಿ ಖಾಲಿ ಎಂದು ಹೇಳಿದಳಂತೆ. ಎರಡು ನಿಮಿಷಕ್ಕೆ ನನ್ನ ಫೋನ್ ಕೂಗಿತು.

'ನೀನು ಯೋಳು,' ಎಂದಳು. ಅಷ್ಟು ದಿನದಲ್ಲಿ ಮೊದಲ ಮಾತು. ಅಕ್ಕ ಎನ್ನಲಿಲ್ಲ.

ಹಾಸಿಗೆಯಲ್ಲೇ ಎದ್ದು ಕೂತು, ಇನ್ನೊಂದು ಫೋನಿನಲ್ಲಿ ಕಾವಲಿನವನನ್ನು ಹಿಡಿದು ಮತ್ತೊಮ್ಮೆ ಕೇಳಿದೆ. ಕಾಲುವೆಯ ಉದ್ದಕ್ಕೂ ನಡೆದು ನೋಡಿ ಹೇಳಲು ಅವನಿಗೆ ಹತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಅವಳು ಫೋನ್ ಇಡಲಿಲ್ಲ. ಹಸು ಉಸಿರಾಡುವುದು, ಕ್ಯಾನಿನ ಮುಚ್ಚಳ ಅಲುಗುವುದು ಕೇಳಿಸುತ್ತಿತ್ತು.

'ಖಾಲಿ,' ಎಂದೆ. 'ಈಗ ಹೊರಡು.'